ಕಾನ್ವೆಂಟ್ ಮುಚ್ಚಿದ ವಾರ

ಸಿಸ್ಟರ್ ಬೆನೆಡಿಕ್ಟಾ ಜನವರಿಯಲ್ಲಿ ತೀರಿಹೋದ ಮೇಲೆ ಮೊಗುಡಂಪಲ್ಲಿ ಹತ್ತಿರದ ಆ ಕಾನ್ವೆಂಟಿನಲ್ಲಿ ಉಳಿದವರು ಸಿಸ್ಟರ್ ರಜನಿ ಒಬ್ಬರೇ. ಒಂದು ಕಾಲಕ್ಕೆ ಆರು ಮಂದಿ ಕನ್ಯಾಸ್ತ್ರೀಯರಿದ್ದ ಮನೆ. ಮುಂದೆ ದವಾಖಾನೆ, ಹಿಂದೆ ಸಣ್ಣ ಪ್ರಾರ್ಥನಾಲಯ. ಸಂಜೆಯ ಕೀರ್ತನೆಗಳನ್ನು ಎರಡು ಸಾಲಾಗಿ ಕೂತು, ಒಂದು ಚರಣ ಈ ಕಡೆಯವರು, ಇನ್ನೊಂದು ಆ ಕಡೆಯವರು ಹೇಳುವುದು ರೂಢಿ. ಈಗ ರಜನಿ ತಮ್ಮ ಚರಣ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಎದುರಿನ ಬೆಂಚಿನವರದ್ದನ್ನೂ ತಾವೇ ಹೇಳುತ್ತಿದ್ದರು.

ರೋಗಿಗಳೂ ಕಡಿಮೆಯಾಗಿದ್ದರು. ಊರಿಗೇ ಸರ್ಕಾರಿ ದವಾಖಾನೆ ಬಂದಿತ್ತು. ಬಿಪಿ ಗುಳಿಗೆಗೆಂದು ಬರುವ ಮುದುಕ ಹಣಮಯ್ಯ ಮಾತ್ರ ತಪ್ಪಿಸುತ್ತಿರಲಿಲ್ಲ; ಗುಳಿಗೆಗಿಂತ ಹೆಚ್ಚಾಗಿ ಮಾತಾಡಲು ಬರುತ್ತಿದ್ದ. ಮಾರ್ಚಿನಲ್ಲಿ ಹೈದರಾಬಾದಿನ ಮುಖ್ಯ ಮನೆಯಿಂದ ಪತ್ರ ಬಂತು. ಈಸ್ಟರ್ ಕಳೆದ ಮೇಲೆ ಕಾನ್ವೆಂಟ್ ಮುಚ್ಚುತ್ತಾರೆ. ರಜನಿ ಅಲ್ಲಿಗೆ ಬಂದು ವಯಸ್ಸಾದ ಸಿಸ್ಟರುಗಳನ್ನು ನೋಡಿಕೊಳ್ಳಬೇಕು.

ಕಡೆಯ ಪೂಜೆಗೆ ಜಹೀರಾಬಾದಿನಿಂದ ಫಾದರ್ ಆನಂದಕುಮಾರ ಬಂದರು. ಪೂಜೆಯಾದ ಮೇಲೆ ಪೀಠದ ಮೇಲಿನ ಪೆಟ್ಟಿಗೆಯಲ್ಲಿ ಉಳಿದಿದ್ದ ಪರಮಪ್ರಸಾದದ ರೊಟ್ಟಿಯನ್ನು ಇಬ್ಬರೇ ಸೇವಿಸಿದರು. ಫಾದರ್ ಬಟ್ಟಲು ತೊಳೆದು ಒರೆಸಿ, ಪೆಟ್ಟಿಗೆಯ ಬಾಗಿಲನ್ನು ತೆರೆದೇ ಬಿಟ್ಟರು. ಪ್ರಸಾದದ ರೂಪದಲ್ಲಿ ನೆಲೆಸಿದ್ದ ಸ್ವಾಮಿ ಇನ್ನು ಒಳಗಿಲ್ಲ ಎಂಬುದಕ್ಕೆ ಅದೇ ಗುರುತು. ಆಮೇಲೆ ಅದರ ಮುಂದೆ ಸದಾ ಉರಿಯುತ್ತಿದ್ದ ಕೆಂಪು ದೀಪ ಆರಿಸಿದರು.

“ಬ್ಯಾಸರ ಮಾಡ್ಕೋಬ್ಯಾಡ್ರಿ ಸಿಸ್ಟರ್. ಅಲ್ಲಿ ನಲ್ವತ್ತು ಮಂದಿ ಇದ್ದಾರ,” ಎಂದರು ಫಾದರ್.

“ಹೌದ್ರಿ ಫಾದರ್.”

ಮರುದಿನ ಬೆಳಿಗ್ಗೆ ಪ್ರಾರ್ಥನಾಲಯಕ್ಕೆ ಕಾಲಿಟ್ಟ ರಜನಿ ಅಭ್ಯಾಸದಂತೆ ಮೊಣಕಾಲೂರಲು ಹೋಗಿ, ಖಾಲಿ ಪೆಟ್ಟಿಗೆ ಕಂಡು ಅರ್ಧಕ್ಕೇ ನಿಂತರು. ಅವರಿಗೆ ಅಲ್ಲಿ ಇರಲಾಗಲಿಲ್ಲ. ಹೊರಡಲು ಇನ್ನೂ ಮೂರು ದಿನವಿತ್ತು. ಬ್ಯಾಗಿಗೆ ಒಂದು ಸೀರೆ ಹಾಕಿಕೊಂಡು ರಾಯಿಕೋಡ್ ಬಸ್ಸು ಹತ್ತಿದರು.

ಅಲ್ಲಿ ಅವರ ತಮ್ಮ ಧಮ್ಮಪಾಲನಿದ್ದ. ಹುಟ್ಟಿದಾಗ ಇಟ್ಟ ಹೆಸರು ಪೋಚಪ್ಪ. ಅಕ್ಕ ಸಿಸ್ಟರುಗಳ ಹಾಸ್ಟೆಲಿನಲ್ಲಿ ಓದಿ ಸಿಸ್ಟರಾದಳು. ತಮ್ಮ ಬುದ್ಧನ ದಾರಿ ಹಿಡಿದು ಹೆಸರು ಬದಲಿಸಿಕೊಂಡ. ಅದರಿಂದ ಇಬ್ಬರಿಗೂ ಜಗಳವೇನೂ ಆಗಿರಲಿಲ್ಲ. ಮಾತು ನಿಂತದ್ದು ಹದಿಮೂರು ವರ್ಷದ ಹಿಂದೆ, ತಾಯಿ ಮೈಸಮ್ಮ ಸತ್ತಾಗ. ರಜನಿ ಬಂದದ್ದು ಮಣ್ಣಾಗಿ ಐದು ದಿನದ ಮೇಲೆ.

ಅಂಗಳದಲ್ಲಿ ಅಕ್ಕನನ್ನು ಕಂಡು ಧಮ್ಮಪಾಲ ಎದ್ದು ನಿಂತ. ಅವನ ಹೆಂಡತಿ ಶಿಲ್ಪಾರಾಣಿ ನೀರು ತಂದುಕೊಟ್ಟಳು. ರಜನಿ ಕುಡಿದು ಲೋಟ ಕೆಳಗಿಟ್ಟರು.

“ಅವತ್ತ ಯಾಕ ಬರಲಿಲ್ಲ ಅಕ್ಕಾ?” ಧಮ್ಮಪಾಲ ಕೇಳಿದ.

“ನಾವೆಲ್ಲ ಮೌನಧ್ಯಾನದಾಗ ಇದ್ವಿ. ಎಂಟು ದಿನ ಯಾರ ಜೋಡಿನೂ ಮಾತಾಡಂಗಿಲ್ಲ. ನಿನ್ನ ಫೋನ್ ಬಂದಿದ್ದು ನಮ್ಮ ಹಿರಿಯ ಸಿಸ್ಟರುಗಳು ಅದು ಮುಗದ ಮ್ಯಾಲ ಹೇಳಿದ್ರು.”

“ಮತ್ತ ಇಷ್ಟು ವರ್ಸ ಬಾಯಿ ಬಿಡಲಿಲ್ಲಲ್ಲ?”

“ಹೇಳಿದ್ರ ಅವರ ಮ್ಯಾಲ ಚಾಡಿ ಹೇಳ್ದಂಗ ಆಗ್ತಿತ್ತು.”

ಧಮ್ಮಪಾಲ ಮುಖ ಆಚೆ ತಿರುಗಿಸಿದ. ಶಿಲ್ಪಾರಾಣಿ ಒಳಗೆ ಹೋಗಿ ಅನ್ನಕ್ಕಿಟ್ಟಳು. ಉಂಡ ಮೇಲೆ ಅವನು ಅಕ್ಕನನ್ನು ಹೊಲದ ಬದುವಿಗೆ ಕರೆದುಕೊಂಡು ಹೋದ. ಸಮಾಧಿಗೆ ಸಿಮೆಂಟು ಮಾಡಿಸಿ ಕಲ್ಲಿನಲ್ಲಿ ಮೈಸಮ್ಮನ ಹೆಸರು ಬರೆಸಿದ್ದ. ರಜನಿ ಕೂತು ಕಲ್ಲಿನ ಮೇಲೆ ಕೈಯಿಟ್ಟರು. ಯಾವ ಪ್ರಾರ್ಥನೆಯೂ ನೆನಪಾಗಲಿಲ್ಲ. “ಅವ್ವಾ” ಎಂದಷ್ಟೇ ಬಂತು.

“ಇಲ್ಲೇ ಇದ್ದುಬಿಡು,” ಎಂದ ತಮ್ಮ. “ಒಂದು ಖೋಲಿ ಖಾಲಿ ಅದ. ನಿನ್ನ ಪ್ರಾರ್ಥನಾಕ ಯಾರೂ ಅಡ್ಡ ಬರಲ್ಲ.”

ಹೂಂ ಎಂದುಬಿಡಬೇಕೆಂದು ರಜನಿಗೆ ಆಸೆಯಾಯಿತು. “ಹೇಳಿದಲ್ಲಿಗಿ ಹೋಗ್ತೀನಂತ ಮಾತು ಕೊಟ್ಟೀನಿ ತಮ್ಮಾ.”

“ಅವರು ನಿನಗ ಅವ್ವನ ಮಣ್ಣಿಗಿ ಸೈತ ಕಳಸಲಿಲ್ಲ.”

“ಹೌದು. ಆದ್ರ ಆ ಮಾತು ಅವರಿಗಿ ಕೊಟ್ಟಿದ್ದಲ್ಲ.”

ಎರಡು ದಿನ ಇದ್ದು ಅವರು ಹೊರಟರು. ಹೈದರಾಬಾದಿನ ಮನೆಯಲ್ಲಿ ನಲವತ್ತು ಮಂದಿಯ ನಡುವೆ ಊಟ, ಪ್ರಾರ್ಥನೆ, ಮುದುಕಿಯರ ಆರೈಕೆ. ಮಾತು ತೆಲುಗಿನದು, ಮಲಯಾಳದ್ದು, ಇಂಗ್ಲಿಷಿನದು. ರಜನಿಯ ಕನ್ನಡ ಅಲ್ಲಿ ಯಾರಿಗೂ ಬಾರದು. ಭಾನುವಾರ ಧಮ್ಮಪಾಲನ ಫೋನ್ ಬಂದಾಗ ಅವರು ಜೋರಾಗಿಯೇ ಮಾತಾಡಿದರು. ಪಕ್ಕದ ಕೋಣೆಯವರು ಇಣುಕಿ ನೋಡಿದರು.

“ಜೂನ್‌ದಾಗ ಅವ್ವನ ದಿನ ಅದ. ಬರ್ತಿ?” ಎಂದು ಕೇಳಿದ ಅವನು.

“ರಜಾ ಕೇಳ್ತೀನಿ.”

ಸಿಸ್ಟರಾದ ಮೂವತ್ತನಾಲ್ಕು ವರ್ಷಗಳಲ್ಲಿ ಅವರು ತಮಗಾಗಿ ಏನನ್ನೂ ಕೇಳಿದವರಲ್ಲ. ಅಂದು ಸಂಜೆ ಆ ಮನೆಯ ಹಿರಿಯರಾದ ದೊಡ್ಡ ಮದರ್ ಕೋಣೆಯ ಬಾಗಿಲು ತಟ್ಟಿ ಎಲ್ಲವನ್ನೂ ಹೇಳಿದರು, ಮೌನದ ಆ ಎಂಟು ದಿನಗಳ ಸಂಗತಿಯನ್ನೂ. ಮದರ್ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಕ್ಯಾಲೆಂಡರ್ ತೆಗೆದು ಜೂನಿನಲ್ಲಿ ನಾಲ್ಕು ದಿನ ರಜೆ ಬರೆದುಕೊಟ್ಟರು.