ರೋಡಾಳ ಇಪ್ಪತ್ತು ತೋಟೆಗಳು

ಗಾಳಿಯೇ ದೊರೆಯಾಗಿದ್ದ ವಯೋಮಿಂಗ್ ಸೀಮೆಯಲ್ಲಿ, ಬೆಟ್ಟದ ಬುಡದ ಮರದ ಮನೆಯೊಂದರಲ್ಲಿ, ಆರಿನ್ ಎಂಬ ಮುದುಕನೂ ಅವನ ಕಿರಿಮಗಳು ಡೆಲ್ಫಿಯಾಳೂ ಇದ್ದರಂತೆ. ಮುದುಕ ಅಂಗಡಿಯ ತೋಟೆ ಮುಟ್ಟಿದವನೇ ಅಲ್ಲ. ಹಾರಿಸಿ ಉಳಿದ ಹಿತ್ತಾಳೆ ಚಿಪ್ಪಿಗೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ಅಳೆದು ಸುರಿದು, ಮೇಲೆ ಗುಂಡು ಒತ್ತುತ್ತಿದ್ದ. ಅವನು ಆ ಮೇಜಿಗೆ ಕೂತರೆ ಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ.

ನಿನ್ನೆ ಡೆಲ್ಫಿಯಾ ತುಟಿ ಬಿಚ್ಚಿದ್ದಳು. ಕೋಳಿಗೂಡಿಗೆ ನರಿ ನುಗ್ಗಿತ್ತು, ಕೂಗಿಬಿಟ್ಟಳು. ಅಪ್ಪ ಅರ್ಧಕ್ಕೆ ಎದ್ದುಹೋಗಿ, ಬಂದು, ಉಳಿದದ್ದನ್ನು ಮುಗಿಸಿದ್ದ.

"ಗುಂಡು ಒತ್ತೋ ಮುಂಚೆ ಟಾರ್ಚ್ ಹಾಕಿ ಚಿಪ್ಪೊಳಗೆ ನೋಡಿದ್ಯಾ ಅಪ್ಪಾ?"

ಆರಿನ್ ಬೆಳಗಿನ ಕಾಫಿ ಲೋಟ ಕೆಳಗಿಟ್ಟ. ನೋಡಿರಲಿಲ್ಲ. ತೋಟೆ ಪೆಟ್ಟಿಗೆಯನ್ನು ಎದುರಿಗೆ ಎಳೆದುಕೊಂಡ.

ತೋಟೆಗಳು ಅಕ್ಕ ರೋಡಾಳಿಗೆ. ಅವಳ ಭುಜದ ಆಪರೇಷನ್ ಆಗಿತ್ತು, ಕೋವಿ ಒದೆಯಬಾರದೆಂದು ಅಪ್ಪ ಚಿಟಿಕೆ ಮದ್ದಷ್ಟೇ ಹಾಕಿದ್ದ. ಎದ್ದುಹೋಗಿ ಬಂದ ಗಡಿಬಿಡಿಯಲ್ಲಿ ಅಷ್ಟುದ್ದದ ಚಿಪ್ಪಿನ ತಳದಲ್ಲಿ ಎರಡು ಚಿಟಿಕೆ ಬಿದ್ದರೂ ತುಳುಕುವುದಿಲ್ಲ. ಕೋವಿ ಮಾತ್ರ ಅಕ್ಕನ ಮುಖದ ಪಕ್ಕದಲ್ಲೇ ಸಿಡಿಯುತ್ತದೆ.

"ತೂಕ ಹಾಕಿದ್ರೆ?"

"ಚಿಪ್ಪುಗಳದ್ದೇ ಒಂದೊಂದು ತೂಕ ಕಣೇ. ಬಿಚ್ಚಲೇಬೇಕು."

"ಇಪ್ಪತ್ತೂ ಬಿಚ್ಚದೆ ನಾನು ಏಳಲ್ಲ. ಮಾತು ಕೊಟ್ಟೆ."

ಪೆಟ್ಟಿಗೆಯಲ್ಲಿ ಹತ್ತೊಂಬತ್ತೇ ಇದ್ದವು. ಒಂದನ್ನು ರೋಡಾ ಹಾರಿಸಿ ನೋಡಲೆಂದು ನಿನ್ನೆ ಸಂಜೆಯೇ ಒಯ್ದಿದ್ದಳು. ಅವಳ ಫೋನ್ ಸಿಗಲಿಲ್ಲ.

"ಉಳಿದದ್ದಕ್ಕೆ ಇಲ್ಲಿಗೆ ಹೊರಟಿರ್ತಾಳೆ, ಯಾವ ದಾರೀಲೋ ಏನೋ. ನೀನು ಸುತ್ತಿಗೆ ಹೊಡಿ," ಎಂದ ಅಪ್ಪ.

ಪೊಳ್ಳು ತಲೆಯ ಸುತ್ತಿಗೆಯೊಳಗೆ ತೋಟೆ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡೂ ಮದ್ದೂ ಕಳಚಿ ಬೀಳುತ್ತವೆ. ಪ್ರತಿ ಏಟಿಗೂ ಡೆಲ್ಫಿಯಾ ಕಣ್ಣು ಮುಚ್ಚಿದಳು. ಏಳನೆಯದರಲ್ಲಿ ಮದ್ದು ಎರಡರಷ್ಟು ಸುರಿಯಿತು.

"ಸಿಕ್ತು! ಅಬ್ಬಾ, ಸಿಕ್ತಪ್ಪಾ!"

ಅಪ್ಪನ ಮುಖ ಬಿಳುಚಿತ್ತು. "ಅಳೆದಿದ್ದು ಸರಿಯಾಗಿ ಇಪ್ಪತ್ತೇ ಸಲ. ಇದಕ್ಕೆ ಎರಡು ಸಲ ಬಿದ್ದಿದೆ ಅಂದ್ರೆ, ಇನ್ಯಾವುದಕ್ಕೋ ಮದ್ದೇ ಇಲ್ಲ."

ಮುಂದಿನದನ್ನು ಅವಳಿಗೆ ಹೇಳಬೇಕಿರಲಿಲ್ಲ. ಮದ್ದಿಲ್ಲದೆ ಬರೀ ಕೇಪಿನ ಕಿಡಿ ತಳ್ಳಿದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಂದೆಯೇ ಇನ್ನೊಂದು ಹಾರಿಸಿದರೆ ಕೋವಿ ಸಿಡಿದಂತೆಯೇ.

ಎಂಟು. ಹನ್ನೆರಡು. ಎಲ್ಲದರಲ್ಲೂ ಮದ್ದು ಸರಿಯಾಗಿತ್ತು, ಸರಿಯಾದಷ್ಟೂ ಅವಳು ಬೇಗ ಬೇಗ ಬಡಿದಳು. ಹತ್ತೊಂಬತ್ತನೆಯದೂ ಸರಿ. ಮದ್ದಿಲ್ಲದ್ದು ಅಕ್ಕ ಒಯ್ದದ್ದೇ.

ಹೊರಗೆ ಪಿಕಪ್ ನಿಂತಿತು. ರೋಡಾ ಕೋವಿ ಹಿಡಿದೇ ಜಗಲಿ ಹತ್ತಿದಳು.

"ಏನಪ್ಪೋ ಮುದುಕಪ್ಪಾ, ನಿನ್ನ ತೋಟೆ ನೆನೆದ ಪಟಾಕಿ! ಟುಸ್ ಅಂತು ಅಷ್ಟೆ. ಭುಜ ಹೋದ್ರೆ ಹೋಗ್ಲಿ ಅಂತ ಅಂಗಡೀದು ತುಂಬ್ಕೊಂಡೆ. ನೋಡ್ತಿರು, ಬೇಲಿ ಮೇಲಿನ ಆ ಡಬ್ಬ ಹೆಂಗೆ ಹಾರುತ್ತೆ..."

ಬೇಲಿಯತ್ತ ತಿರುಗಿ ಕೋವಿಯನ್ನು ಕೆನ್ನೆಗೆ ಒತ್ತಿದಳು.

"ಅಕ್ಕಾ, ಬೇಡ!" ಡೆಲ್ಫಿಯಾ ಹಿಂದಿನಿಂದ ಹಾರಿ ಅವಳ ಬಲಗೈಯನ್ನೇ ಕಿತ್ತೆಳೆದಳು.

"ಅಯ್ಯೋ ಭುಜ! ಹುಚ್ಚು ಹಿಡೀತೇನೇ ನಿಂಗೆ?"

ಆರಿನ್ ತೋಟೆ ತೆಗೆದ, ಕೋವಿಯ ಚಿಲಕ ಕಳಚಿದ, ನಳಿಗೆಯನ್ನು ಬೆಳಕಿಗೆ ಹಿಡಿದು ರೋಡಾಳ ಕಣ್ಣಿಗೆ ತಂದ.

"ಏನು ಕಾಣ್ಸುತ್ತೆ?"

"ಏನೂ ಇಲ್ಲ... ಕತ್ತಲು." ರೋಡಾ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು.

ಡೆಲ್ಫಿಯಾ ನಳಿಗೆಯನ್ನು ಒಳಗೆ ಒಯ್ದು ಮತ್ತೆ ಮೇಜಿಗೆ ಕೂತಳು. ಹಿತ್ತಾಳೆಯ ಸಲಾಕೆಯನ್ನು ಅದಕ್ಕೆ ತೂರಿಸಿ ಮೆಲ್ಲಗೆ ಬಡಿದಳು. ಐದನೇ ಏಟಿಗೆ ಗುಂಡು ಟಣ್ಣೆಂದು ಮೇಜಿಗೆ ಬಿತ್ತು.

"ಇಪ್ಪತ್ತು," ಎಂದು ಹೇಳಿ ಎದ್ದಳು.