ಹೆಂಡತಿಯ ಪರೀಕ್ಷೆಗೆ ಕೂತ ಗಂಡ

ಸಿಲ್ವಿಯೋನ ಹೆಂಡತಿ ಓರ್ನೆಲ್ಲಾಳ ಕಣ್ಣು ಒಂದು ಕಡೆ ನಿಲ್ಲುವ ಜಾತಿಯದಲ್ಲ. ಬೇಸಿಗೆ ಬಂತೆಂದರೆ ಬಫಲೋ ಬೆಟ್ಟದೆದುರಿನ ಕಾವಲುಗೋಪುರ ಹತ್ತಿ, ಕಾಡಿನಲ್ಲಿ ಎಲ್ಲಿ ಹೊಗೆ ಎದ್ದೀತೆಂದು ದಿನವಿಡೀ ಸುತ್ತ ನೋಡುವುದೇ ಅವಳ ಉದ್ಯೋಗ. ಅವಳು ಬೇಗ ಕಂಡು ರೇಡಿಯೋದಲ್ಲಿ ಕೂಗಿದ್ದರಿಂದ ಕೆಳಗಿನ ಕಣಿವೆಯಲ್ಲಿ ಬೆಂಕಿಗೆ ಬಲಿಯಾಗದೆ ಉಳಿದ ಮನೆಗಳಿವೆ. ಅಂಥ ಕಣ್ಣಿಗೆ ಈಗ ಅಲ್ಲಾಡಬೇಡ ಎಂಬ ಅಪ್ಪಣೆಯಾಗಿತ್ತು.

ಅಪ್ಪಣೆ ಬಂದದ್ದು ಮೆಲ್ಬರ್ನಿನ ಕಣ್ಣಾಸ್ಪತ್ರೆಯಿಂದ. ಓರ್ನೆಲ್ಲಾಳ ತಾಯಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡಿದ್ದಳು. ಈ ವರ್ಷ ಇವಳ ಕಣ್ಣಿನ ಒತ್ತಡವೂ ತುಸು ಏರಿತ್ತು. ಸುತ್ತಲಿನ ನೋಟ ಪೂರ್ತಿ ಇದೆಯೆಂದು ಡಾಕ್ಟರು ಬರೆದುಕೊಟ್ಟರೆ ಗೋಪುರ, ಇಲ್ಲದಿದ್ದರೆ ಬೇರೆ ಯಾರೋ ಹತ್ತುತ್ತಾರೆ. ಅಷ್ಟು ದೂರ ಅಲೆಯುವುದು ಬೇಡವೆಂದು ಆಸ್ಪತ್ರೆಯವರು ಅಂಚೆಯಲ್ಲಿ ಒಂದು ವಿ.ಆರ್. ಹೆಡ್‌ಸೆಟ್ ಕಳಿಸಿದ್ದರು. ತಲೆಗೆ ಕಟ್ಟಿಕೊಂಡರೆ ಒಳಗೆಲ್ಲ ಕತ್ತಲು, ನಡುವೆ ಒಂದು ಹಸಿರು ಚುಕ್ಕಿ. ಅದನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಬೆಳಕು ಮಿಣುಕಿದರೆ ಕೈಯಲ್ಲಿನ ಗುಂಡಿ ಒತ್ತಬೇಕು. ಬೆಳಕನ್ನು ಹುಡುಕಿಕೊಂಡು ಹೋಗಕೂಡದು. ಒಂದೊಂದು ಕಣ್ಣಿನ ಫಲಿತಾಂಶವೂ ತಾನಾಗಿಯೇ ಆಸ್ಪತ್ರೆ ಸೇರುತ್ತದೆ.

ಓರ್ನೆಲ್ಲಾ ಹುಡುಕಿಕೊಂಡೇ ಹೋದಳು. ಯಂತ್ರದೊಳಗಿನ ಹೆಣ್ಣುದನಿ "ದಯವಿಟ್ಟು ಚುಕ್ಕಿಯನ್ನೇ ನೋಡಿ" ಎಂದು ಹೇಳಿ ಹೇಳಿ, ಕೊನೆಗೆ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟಿತು. ಮಾರನೆಯ ದಿನವೂ ಅದೇ ಹಾಡು.

"ಹುಡುಕೋದಕ್ಕೇ ಅಲ್ವೇನೋ ಇಷ್ಟು ವರ್ಷ ನಂಗೆ ಸಂಬಳ ಕೊಟ್ಟಿದ್ದು!" ಎಂದು ಅವಳು ರೇಗಿದಳು.

ಅಡುಗೆಮನೆ ಮೇಜಿನ ಮುಂದೆ ಬೀನ್ಸ್ ಕಾಳು ಬಿಡಿಸುತ್ತಿದ್ದ ಸಿಲ್ವಿಯೋ ತಲೆ ಎತ್ತದೆ ಹೇಳಿದ: "ನಿನ್ನ ಕಣ್ಣು ಮದುವೆ ಮನೇಲಿ ಬಿಟ್ಟ ಮಗು ಇದ್ದಂಗೆ ಕಣೇ. ನನ್ನ ನೋಡಿ ಕಲಿ."

"ನಿಂಗೇನು, ಮರದ ಕೊರಡು. ಕೂತಲ್ಲೇ ಬೇರು ಬಿಡ್ತೀಯ."

ಶನಿವಾರ ಅವಳು ಮತ್ತೊಮ್ಮೆ ಕೂತಳು. ಯಂತ್ರ ಏನೆಂದಿತೋ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ, ಹೆಡ್‌ಸೆಟ್ ಕಿತ್ತಿಟ್ಟು ತರಕಾರಿ ಮಡಿಯತ್ತ ಹೋಗಿ ಬೆನ್ನು ತಿರುಗಿಸಿ ನಿಂತುಬಿಟ್ಟಳು. ಬೈದರೆ ಸಿಲ್ವಿಯೋ ತಡೆದುಕೊಳ್ಳಬಲ್ಲ; ಅವಳು ಸುಮ್ಮನಾದರೆ ಅವನ ಕೈಲಾಗದು. ಗೋಪುರ ತಪ್ಪಿದರೆ ಇವಳು ಬೇಸಿಗೆಯೆಲ್ಲ ಕಿಟಕಿಯ ಬಳಿ ಕೂತು ಬಾಡಿಹೋಗುತ್ತಾಳೆಂದು ಅವನಿಗೆ ದಿಗಿಲಾಯಿತು. ಅವಳ ಕಣ್ಣಿಗೇನೂ ಆಗಿಲ್ಲ, ಚಪಲ ಅಷ್ಟೇ. ತನ್ನ ಕಣ್ಣಂತೂ ಕನ್ನಡಕವಿಲ್ಲದೆ ಪೇಪರು ಓದುತ್ತದೆ. ಅವಳ ಬದಲು ಒಂದು ಗಳಿಗೆ ಕೂತರೆ ಯಾರ ಗಂಟು ಹೋಯಿತು?

ಭಾನುವಾರ ಅವಳು ಚರ್ಚಿಗೆ ಹೋದದ್ದೇ ತಡ, ಸಿಲ್ವಿಯೋ ಹೆಡ್‌ಸೆಟ್ ಕಟ್ಟಿಕೊಂಡ. ಕೊರಡಿನ ಹಾಗೆಯೇ ಕೂತ. "ತುಂಬಾ ಚೆನ್ನಾಗಿ ಮಾಡ್ತಿದ್ದೀರಿ, ಓರ್ನೆಲ್ಲಾ" ಎಂದು ಯಂತ್ರ ಮೆಚ್ಚಿಕೊಂಡಿತು, ಇವನು ಮೀಸೆಯೊಳಗೇ ನಕ್ಕ. ನಡುನಡುವೆ ಎಷ್ಟೋ ಹೊತ್ತು ಬೆಳಕೇ ಬರಲಿಲ್ಲ. ಯಂತ್ರಕ್ಕೂ ದಣಿವಾಗುತ್ತದೆ, ಪಾಪ, ಅಂದುಕೊಂಡ.

ಹೆಂಡತಿ ಮನೆಗೆ ಬಂದು ಹೆಡ್‌ಸೆಟ್ ನೋಡಿ, "ಇದನ್ಯಾರು ಇಲ್ಲಿಟ್ಟಿದ್ದು?" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಸಿಲ್ವಿಯೋ, ಕೇಳದಿದ್ದರೂ, ತಾನು ಬೆಳಗಿನಿಂದ ತೋಟದಲ್ಲೇ ಇದ್ದೆನೆಂದು ವರದಿ ಒಪ್ಪಿಸಿದ.

ಸೋಮವಾರ ಆಸ್ಪತ್ರೆಯ ಥೂಯಿ ಫೋನ್ ಮಾಡಿದಳು. ಪರೀಕ್ಷೆಗಳನ್ನು ನೋಡಿಕೊಳ್ಳುವ ಹುಡುಗಿ. ಓರ್ನೆಲ್ಲಾ ಇಬ್ಬರಿಗೂ ಕೇಳಲೆಂದು ಫೋನನ್ನು ಮೇಜಿನ ಮೇಲಿಟ್ಟಳು.

"ಕೊನೇದು ಸರಿಯಾಗಿ ಬಂದಿದೆ ಓರ್ನೆಲ್ಲಾ, ಕಣ್ಣು ಒಂಚೂರೂ ಅಲ್ಲಾಡಿಲ್ಲ. ಆದ್ರೆ ಎಡಗಣ್ಣಲ್ಲಿ ಮೇಲಿನ ಅರ್ಧ ಹೆಚ್ಚುಕಮ್ಮಿ ಹೋಗಿದೆ. ಬಲಗಣ್ಣಲ್ಲೂ ಶುರುವಾಗಿದೆ. ಗೋಪುರದ ಯೋಚನೆ ಬಿಟ್ಟುಬಿಡಿ. ತಕ್ಷಣ ಬನ್ನಿ."

ಓರ್ನೆಲ್ಲಾ ಕುರ್ಚಿ ಎಳೆದು ಕೂತಳು. "ಅಮ್ಮಂಗೂ ಎಡಗಣ್ಣೇ ಮೊದಲು ಹೋಗಿದ್ದು," ಎಂದಳು, ತನಗೆ ತಾನೇ.

ಸಿಲ್ವಿಯೋಗೆ ಭಾನುವಾರದ ಪರೀಕ್ಷೆ ನೆನಪಾಯಿತು. ಇವಳದಲ್ಲ, ಇವಳದಲ್ಲ ಎಂದು ಮೊದಲು ಹಿಗ್ಗೇ ಆಯಿತು. ಆಮೇಲೆ, ಹಾಗಾದರೆ ಯಾರದು ಎಂಬುದು ನಿಧಾನವಾಗಿ ತಲೆಗೆ ಹೋಯಿತು. ಅಂಗೈಯಿಂದ ಬಲಗಣ್ಣು ಮುಚ್ಚಿ ಹೆಂಡತಿಯ ಗದ್ದವನ್ನೇ ನೋಡಿದ. ಗದ್ದ ಕಂಡಿತು. ಹಣೆ ಇರಬೇಕಾದಲ್ಲಿ ಕಪ್ಪೂ ಇಲ್ಲ, ಕತ್ತಲೂ ಇಲ್ಲ, ಗೋಡೆಯ ಸುಣ್ಣದಂಥ ಏನೋ ಮಸುಕು.

"ಓರ್ನೆಲ್ಲಾ, ಅದು ನೀನಲ್ಲ," ಎಂದ, ಇಂಗು ತಿಂದ ಮಂಗನಂತೆ. "ನಿನ್ನೆ ನಾನು ಕೂತಿದ್ದೆ. ನಿಂಗೆ ಗೋಪುರ ಸಿಗ್ಲಿ ಅಂತ."

"ಕತ್ತೆ! ಮುದಿ ಕತ್ತೆ!" ಅವಳು ಕೈಗೆ ಸಿಕ್ಕ ಅಡುಗೆಬಟ್ಟೆಯಿಂದ ಅವನ ಭುಜಕ್ಕೆ ಬಾರಿಸಿದಳು, ಇನ್ನೊಂದು ಬಾರಿಸಲೆಂದು ಎತ್ತಿದ ಕೈ ಹಾಗೇ ನಿಂತಿತು. "ಸಿಲ್ವಿಯೋ, ನಿಂಗೆ ಗೊತ್ತಿರ್ಲಿಲ್ವಾ?"

"ಕಾಣದೇ ಇದ್ದಿದ್ದು ಕಾಣ್ತಿಲ್ಲ ಅಂತ ಹೆಂಗೇ ಗೊತ್ತಾಗುತ್ತೆ?"

ಫೋನಿನಲ್ಲಿ ಇದೆಲ್ಲ ಕೇಳಿಸಿತ್ತು. "ಸಿಲ್ವಿಯೋ ಅವರೇ," ಎಂದಳು ಥೂಯಿ, "ನೀವು ಮಾಡಿದ್ದು ತಪ್ಪು. ಇನ್ಮೇಲೆ ಮಾಡ್ಬೇಡಿ. ಹೋದ ನೋಟ ವಾಪಸ್ ಬರಲ್ಲ. ಆದ್ರೆ ಇರೋದು ತುಂಬಾ ಇದೆ, ಈಗಿಂದ ಔಷಧಿ ಹಾಕಿದ್ರೆ ಅದನ್ನ ಉಳಿಸ್ಕೊಳ್ಬಹುದು. ನೀವಾಗೇ ಗೊತ್ತಾಗಿ ಬರೋವಷ್ಟರಲ್ಲಿ ತಡವಾಗಿರ್ತಿತ್ತು, ನಂಗೆ ಈ ಮಾತು ಹೇಳೋಕೆ ಆಗ್ತಿರ್ಲಿಲ್ಲ." ಆಮೇಲೆ ಮೆತ್ತಗೆ, "ಓರ್ನೆಲ್ಲಾ, ನಿಮ್ಮದಿನ್ನೂ ಆಗಿಲ್ಲ. ಈಗ್ಲೇ ಕೂತ್ಕೊಳ್ಳಿ, ನಾನು ಫೋನಲ್ಲೇ ಇರ್ತೀನಿ."

ಅವಳು ಒಂದು ಕೈಯಲ್ಲಿ ಗುಂಡಿ, ಇನ್ನೊಂದರಲ್ಲಿ ಗಂಡನ ಕೈ ಹಿಡಿದು ಕೂತಳು. ಯಂತ್ರ ಒಮ್ಮೆಯೂ ಗದರಲಿಲ್ಲ. ಮುಗಿದಾಗ ಥೂಯಿ, ನೋಟ ಪೂರ್ತಿ ಇದೆ, ಗೋಪುರಕ್ಕೆ ಅಡ್ಡಿಯಿಲ್ಲ ಎಂದಳು.

"ಅದ್ಹೆಂಗೇ ಅಲ್ಲಾಡದೆ ಕೂತೆ?" ಸಿಲ್ವಿಯೋಗೆ ಬೆರಗು.

"ಕಂಡಾಗ ಒತ್ತಿದೆ ಅಷ್ಟೇ. ಬೆಳಕು ಎಲ್ಲಿ ಬಂತೋ ಎಲ್ಲಿ ಹೋಯ್ತೋ, ನಂಗೆ ಬೇಕಾಗೇ ಇರ್ಲಿಲ್ಲ," ಎಂದವಳು ಅವನ ಜೇಬಿಗೆ ಕೈ ಹಾಕಿ ಗಾಡಿಯ ಕೀಲಿ ತೆಗೆದುಕೊಂಡಳು. ಆ ಗಾಡಿಯನ್ನು ಅವನು ಬೇರೆ ಯಾರಿಗೂ ಕೊಟ್ಟವನಲ್ಲ. ಇಂದು ತಾನೇ ಹೋಗಿ ಪಕ್ಕದ ಸೀಟಿನಲ್ಲಿ ಕೂತ.

ಹೆದ್ದಾರಿ ಮುಟ್ಟಿದ ಮೇಲೆ ಅವನು ಬಾಯಿ ಬಿಟ್ಟ. "ಹೆದರಿಕೆ ಆಗ್ತಿದೆ ಕಣೇ."

"ನಂಗೂ ಆಗ್ತಿದೆ. ಆದ್ರೆ ನಿನ್ನೆಗಿಂತ ಇವತ್ತೇ ವಾಸಿ. ನಿನ್ನೆ ನಮಗೆ ಗೊತ್ತೇ ಇರ್ಲಿಲ್ಲ." ಸ್ವಲ್ಪ ದೂರ ಹೋಗಿ ಕೇಳಿದಳು: "ಮುಂದಿನ ಸಲ ಯಾರ ಹೆಸರಲ್ಲಿ ಕೂರ್ತೀಯೋ ಕಳ್ಳಾ?"

"ನನ್ನದೇ ಹೆಸರಲ್ಲಿ," ಎಂದ ಸಿಲ್ವಿಯೋ. "ಕೈ ಮಾತ್ರ ನೀನು ಹಿಡ್ಕೋಬೇಕು."