ಅಂಗೈ ಮೇಲೆ ಮಲಗಿದ ಕಾಯಿ

ಎಮ್ಮೆಕಟ್ಟೆ ಗೇಟಿನಲ್ಲಿ ಒಬ್ಬರು ಮನೆಗೆ ಗಿಳಿಹಸಿರು ಬಣ್ಣ ಹೊಡೆಸಿದರೆ ಯುಗಾದಿಯೊಳಗೆ ಬೀದಿಯೆಲ್ಲ ಗಿಳಿಹಸಿರು. ಒಬ್ಬರು ಶುಂಠಿ ಹಾಕಿದರೆ ಊರೆಲ್ಲ ಶುಂಠಿ. ಅದೇ ಒಬ್ಬರು ಮರುವರ್ಷ ಶುಂಠಿಗೆ ಬೈದರೆ ಊರೆಲ್ಲ ಬೈಗುಳ. ಅಜ್ಜಂಪುರದಿಂದ ತರೀಕೆರೆಗೆ ಹೋಗುವ ಬಸ್ಸು ಇಲ್ಲಿ ನಿಂತಾಗ ಮೊದಲು ಇಳಿದವನು ಎಡಕ್ಕೆ ತಿರುಗಿದರೆ, ಬಲಕ್ಕೆ ಮನೆ ಇರುವವರೂ ಒಂದಷ್ಟು ದೂರ ಎಡಕ್ಕೆ ಹೋಗಿ ಆಮೇಲೆ ವಾಪಸ್ಸು ಬರುತ್ತಾರೆಂದು ಪಕ್ಕದೂರಿನವರು ಆಡಿಕೊಳ್ಳುತ್ತಾರೆ. ಊರಿನವರಿಗೆ ಅದರಲ್ಲಿ ಅವಮಾನವೇನೂ ಇಲ್ಲ. "ನಮ್ದು ಒಗ್ಗಟ್ಟು ಕಣ್ರೀ" ಅನ್ನುತ್ತಾರೆ.

ಆ ಒಗ್ಗಟ್ಟು ಒಂದು ಭಾನುವಾರ ಬಂದು ಕೋಮಲಾಳ ಪಡ್ಡಿನ ಅಂಗಡಿಯ ಮೇಲೆ ಕೂತಿತು.

ಬಸ್ಸು ನಿಲ್ಲುವ ಕಡೆಯೇ ಪಂಚಾಯ್ತಿ ಜಾಗದಲ್ಲಿ ಅವಳದೊಂದು ತಗಡಿನ ಅಂಗಡಿ. ಬೆಳಿಗ್ಗೆ ಪಡ್ಡು, ಕೆಂಪು ಚಟ್ನಿ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಒಳಗೆ ಎರಡು ಬೆಂಚು, ಸ್ಟೀಲ್ ತಟ್ಟೆಗಳು. ಹೊರಗೆ ಹೊಂಗೆ ಮರ. ಗಂಡ ಬಸವೇಶನ ಲಗೇಜ್ ಆಟೋ ರಸ್ತೆಗಿಂತ ಹೆಚ್ಚು ಕಾಲ ಗ್ಯಾರೇಜಿನಲ್ಲೇ ಇರುತ್ತಿದ್ದುದರಿಂದ ಮನೆ ನಡೆಯುತ್ತಿದ್ದದ್ದು ಆ ಪಡ್ಡಿನ ಹೆಂಚಿನ ಮೇಲೆ. ಅಲ್ಲಿಂದ ಎಬ್ಬಿಸಿದರೆ ರಸ್ತೆ ಬದಿಯಲ್ಲಿ ಅಂಗಡಿ ಇಡಲು ಬೇರೆ ಗೇಣು ಜಾಗವಿರಲಿಲ್ಲ.

ಕುಡಿಯುವ ನೀರಿಗೆ ಹೊಸ ಬೋರ್‌ವೆಲ್ ಮಂಜೂರಾಗಿತ್ತು. ನೆಲದಡಿ ನೀರು ನೋಡುವ ಮಿಷನ್ ಹಿಡಿದುಕೊಂಡು ಬಂದ ಇಂಜಿನಿಯರು ಎರಡು ಕಡೆ ಸುಣ್ಣದಲ್ಲಿ ಗುರುತು ಹಾಕಿದ. ಒಂದು ಶಾಲೆಯ ಕಾಂಪೌಂಡ್ ಪಕ್ಕ, ಇನ್ನೊಂದು ಕೋಮಲಾಳ ಅಂಗಡಿಯ ಬಾಗಿಲಲ್ಲಿ. "ಎರಡೂ ಒಂದೇ. ನೀವೇ ತೀರ್ಮಾನ ಮಾಡ್ಕೊಳ್ಳಿ" ಎಂದು ಪಡ್ಡು ತಿಂದು ಹೋದ.

ತೀರ್ಮಾನಕ್ಕೆ ಸಖರಾಯಪಟ್ಟಣದ ಸಿದ್ದಪ್ಪನನ್ನು ಕರೆಸಿದರು. ಅಂಗೈ ಮೇಲೆ ಜುಟ್ಟಿನ ತೆಂಗಿನಕಾಯಿ ಅಡ್ಡ ಮಲಗಿಸಿಕೊಂಡು ಬರಿಗಾಲಲ್ಲಿ ನಡೆಯುತ್ತಾ ಹೋಗುವುದು, ಕೆಳಗೆ ನೀರಿದ್ದಲ್ಲಿ ಕಾಯಿ ತಾನಾಗಿ ಎದ್ದು ನಿಲ್ಲುವುದು, ಇದು ಸಿದ್ದಪ್ಪನ ವಿದ್ಯೆ. ಶಾಲೆಯ ಹತ್ತಿರ ಕಾಯಿ ಮಿಸುಕಲಿಲ್ಲ. ಅಂಗಡಿಯ ಬಾಗಿಲಿಗೆ ಬಂದಾಗ ನಿಂತಿತು. ಊರು ಉಸಿರು ಬಿಟ್ಟಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಧ್ಯಕ್ಷ ಪಂಚಾಕ್ಷರಪ್ಪನವರಿಗೆ ಸರ್ವಾನುಮತವೆಂದರೆ ಪ್ರಾಣ. ಅವರ ಪಂಚಾಯ್ತಿಯಲ್ಲಿ ಒಂದು ನಿರ್ಣಯಕ್ಕೂ ಯಾರೂ ಬೇಡವೆಂದವರಿಲ್ಲ. ಸಭೆಗೆ ಬಾರದವರ ಕೈಯೂ ಎತ್ತಿದ ಲೆಕ್ಕಕ್ಕೆ ಸೇರುತ್ತಿತ್ತು.

"ನಾಳೆ ನೀರು ಬರ್ಲಿಲ್ಲ ಅಂದ್ರೆ ನನ್ನೊಬ್ಬನ ತಲೆಗೆ ಕಟ್ಬಾರ್ದು. ಎಲ್ರೂ ಒಂದೊಂದ್ ಸಲ ಹಿಡೀರಿ" ಎಂದು ಮೊದಲು ತಾವೇ ಹಿಡಿದರು. ಕಣ್ಣು ಮುಚ್ಚಿದರು. "ಆಹಾ! ನಿಂತ್ಕಂತು!"

ಆಮೇಲೆ ನಿಲ್ಲದೆ ಏನು ಮಾಡೀತು? ಹಿರಿಯ ದೇವೀರಪ್ಪನ ಕೈಯಲ್ಲಿ ನಿಂತಿತು. ಶಕುಂತಲಮ್ಮನ ಕೈಯಲ್ಲಿ "ನಿಂತು ತಿರುಗ್ತು ಕಣ್ರೋ". ಬಸವೇಶನ ಕೈಯಲ್ಲೂ ನಿಂತಿತು. ಹೆಂಡತಿಯ ಮುಖ ನೋಡದೆ ಹೇಳಿದ. ಕಾಯಿ ಕೈಯಿಂದ ಕೈಗೆ ಬಂದು ಕೊನೆಗೆ ಕೋಮಲಾಳ ಅಂಗೈ ಮೇಲೆ ಕೂತಿತು.

ಕೂತದ್ದಲ್ಲ, ಮಲಗಿತು. ಬಾಣಂತಿ ಮನೆಯ ಕೂಸಿನ ಹಾಗೆ ನಿಶ್ಚಿಂತೆಯಾಗಿ ಮಲಗಿತು. ಅವಳು ಕಾದಳು. ಊರೂ ಕಾಯಿತು. ತಪ್ಪು ನನ್ನ ಕೈಯದೇ ಇರಬೇಕು, ಪಡ್ಡು ಮಗುಚಿ ಮಗುಚಿ ಚರ್ಮ ದಪ್ಪವಾಗಿದೆ ಅಂದುಕೊಂಡಳು. ಅಷ್ಟು ಕಣ್ಣುಗಳೂ ಅವಳ ಬಾಯಿಯ ಮೇಲಿದ್ದವು. ಬಾಯಿ ತೆರೆಯಿತು.

"ನಿಂತ್ಕಂತು" ಅಂದಳು.

ಒಂದೇ ಮಾತಿನಲ್ಲಿ ತನ್ನ ಅಂಗಡಿಯನ್ನು ತಾನೇ ಕಿತ್ತುಹಾಕಿ ಬಂದವಳು ಮನೆಯಲ್ಲಿ ಗಂಡನನ್ನು ಹಿಡಿದುಕೊಂಡಳು.

"ನಿಜ ಹೇಳು. ನಿನ್ ಕೈಲಿ ನಿಂತ್ತಾ?"

"ಎಲ್ಲಿ ನಿಂತ್ತು? ಅಲ್ಲಾಡ್ಲಿಲ್ಲ. ನಿನ್ ಕೈಲಿ?"

"ನಂಗೂ ಇಲ್ಲ."

"ಮತ್ತ್ಯಾಕೆ ನಿಂತ್ತು ಅಂದೆ? ನಿನ್ ಅಂಗ್ಡಿ ಅಲ್ವೇನೇ ಅದು?"

"ನಿನ್ ಹೆಂಡ್ತಿ ಅಂಗ್ಡಿ ಅಲ್ವೇನೋ ಅದು?"

ಇಬ್ಬರಿಗೂ ನಗು ಬಂತು. ನಕ್ಕು ಮುಗಿದ ಮೇಲೆ ಊಟ ಸೇರಲಿಲ್ಲ.

ಮಾರನೆಯ ದಿನದಿಂದ ಅಂಗಡಿಯಲ್ಲಿ ಒಂದು ವಿಚಿತ್ರ ಶುರುವಾಯಿತು. ದೇವೀರಪ್ಪ ಅವಳೊಬ್ಬಳೇ ಇರುವ ಹೊತ್ತು ನೋಡಿಕೊಂಡು ಬಂದು, ಚಟ್ನಿ ನೆಕ್ಕುತ್ತಾ, ಅತ್ತಿತ್ತ ನೋಡಿ ಪಿಸುಗುಟ್ಟಿದ: "ಕೋಮಲಾ, ಯಾರಿಗೂ ಹೇಳ್ಬ್ಯಾಡ. ನನ್ ಕೈಲಿ ನಿಲ್ಲಲಿಲ್ಲ ಕಣವ್ವ." ಅವನು ಹೋದ ಮೇಲೆ ಶಕುಂತಲಮ್ಮ ಬಂದಳು. "ತಿರುಗ್ತು ಅಂದೆನಲ್ಲ, ನನ್ ಮಂಡೆ ತಿರುಗಿತ್ತು ಕಣೇ, ಬಿಸ್ಲಿಗೆ." ಹಾಲಿನ ಡೈರಿಯವನು, ಕಟಿಂಗ್ ಶಾಪಿನವನು, ಒಬ್ಬೊಬ್ಬರಾಗಿ ಗುಟ್ಟು ಇಟ್ಟು ಹೋದರು. ಪ್ರತಿಯೊಬ್ಬರೂ ಊರಲ್ಲಿ ಕಾಯಿ ನಿಲ್ಲದ ಪಾಪಿ ತಾನೊಬ್ಬನೇ ಎಂದು ನಂಬಿದ್ದರು. ಊರಿಗೆ ಊರೇ ಒಂದು ಸುಳ್ಳನ್ನು ಹೊತ್ತುಕೊಂಡಿತ್ತು. ಪಕ್ಕದವನು ಇಳಿಸಲಿ, ಆಮೇಲೆ ನಾನು ಇಳಿಸುತ್ತೇನೆ ಎಂದು ಎಲ್ಲರೂ ಕಾಯುತ್ತಿದ್ದರು.

"ಹಂಗಾದ್ರೆ ಎಲ್ರ ಎದುರಿಗೆ ಹೇಳಿ ದೇವೀರಣ್ಣ" ಅಂದಳು ಕೋಮಲಾ.

"ನೀನು ಮೊದ್ಲು ಹೇಳು. ನಾನು ಹಿಂದೇನೇ ಇರ್ತೀನಿ."

ಎಲ್ಲರೂ ಅದನ್ನೇ ಹೇಳಿದರು. ಹಿಂದೆ ನಿಲ್ಲುವವರಿಗೆ ಬರವಿರಲಿಲ್ಲ.

ಕೆಂಪರಾಜು ಒಬ್ಬ ಮಾತ್ರ ಗುಟ್ಟು ಹೇಳಲಿಲ್ಲ. ಅವನಲ್ಲಿ ಗುಟ್ಟೇ ಇರಲಿಲ್ಲ. ಭಾನುವಾರ ಎಲ್ಲರ ಕೈ ಸುತ್ತಿದ ಕಾಯಿ ಅವನ ಕೈಗೆ ಬಂದಿರಲೇ ಇಲ್ಲ. ಅಧ್ಯಕ್ಷರ ಟ್ರ್ಯಾಕ್ಟರ್ ಓಡಿಸುವ ಅವನ ಮನೆ ಕೆರೆ ಏರಿಯ ಹಿಂದಿನ ಕಾಲೋನಿಯಲ್ಲಿ. ದಿನಾ ಬೆಳಿಗ್ಗೆ ಹೊಂಗೆ ಮರದ ಕೆಳಗೆ ನಿಂತು ಪೇಪರ್ ಪ್ಲೇಟಿನಲ್ಲಿ ಪಡ್ಡು ತಿನ್ನುತ್ತಿದ್ದ. ಯಾಕೆ ಹೊರಗೆ ಅಂದರೆ, ಅವನಿಗೆ ಗಾಳಿ ಇಷ್ಟ ಎಂದು ಊರು ಹೇಳುತ್ತಿತ್ತು. ಕಾಲೋನಿಗೆ ಕಾಲೋನಿಯೇ ಗಾಳಿಪ್ರಿಯರು. ಇದನ್ನು ಯಾವ ಸಭೆಯೂ ಪಾಸು ಮಾಡಿರಲಿಲ್ಲ. ಕೋಮಲಾಳ ಅತ್ತೆ ಹಾಗೆ ಕೊಡುತ್ತಿದ್ದಳು, ಇವಳೂ ಕೊಟ್ಟಳು, ಅಷ್ಟೇ.

ಕೊರೆಯುವ ಲಾರಿ ಬಂದ ದಿನ ಊರೆಲ್ಲ ಸೇರಿತು. ಅಂಗಡಿಯ ಸಾಮಾನು ಹೊರಗಿಡಬೇಕೆಂದು ಹೇಳಿದ್ದರೂ ಕೋಮಲಾ ಒಲೆ ಹಚ್ಚಿ ಹಿಟ್ಟು ಕಲಸಿಟ್ಟಿದ್ದಳು. ಪಂಚಾಕ್ಷರಪ್ಪ ಬಂದವರೇ ಅವಳ ಕೊರಳಿಗೊಂದು ಸೇವಂತಿಗೆ ಹಾರ ಹಾಕಿಬಿಟ್ಟರು.

"ಊರಿಗೋಸ್ಕರ ತನ್ ಅಂಗ್ಡಿ ಬಿಟ್ಕೊಟ್ಟ ತ್ಯಾಗಮಯಿ! ಚಪ್ಪಾಳೆ ಹೊಡೀರಪ್ಪ!"

ಯಾರೋ ಒಬ್ಬ ಹೊಡೆದ. ಎಲ್ಲರೂ ಹೊಡೆದರು.

"ಪೂಜೆ ಆಗಿರೋ ಕಾಯಿ, ಒಂದ್ಸಲ ಹಿಡ್ಕೊಳಮ್ಮ, ಫೋಟೋ ತೆಗೀತಾರೆ. ಗ್ರೂಪಿಗೆ ಹಾಕಾಣ. ನಿಂತೈತೆ ಅಂತ ಜೋರಾಗಿ ಹೇಳು."

ಕೋಮಲಾ ಹಿಡಿದಳು. ಹಾರ ಕತ್ತಿಗೆ ಚುಚ್ಚುತ್ತಿತ್ತು. ಕಾಯಿ ಅವತ್ತಿನ ಹಾಗೆಯೇ ಮಲಗಿತ್ತು, ಅದಕ್ಕೆ ಯಾರ ಭಯವೂ ಇರಲಿಲ್ಲ. ಯಾರೋ ಹೊರಗೆ ತೆಗೆದಿಟ್ಟ ತನ್ನ ಬೆಂಚಿನ ಒಂದು ಕಾಲು ಸುಣ್ಣದ ಗುರುತಿನ ಮೇಲಿರುವುದು ಕಂಡಿತು.

"ಮಲಗೈತೆ" ಅಂದಳು.

"ಏನಂದೆ?"

"ಮಲಗೈತೆ ಅಂದೆ. ಅವತ್ತೂ ಮಲಗಿತ್ತು. ಸುಳ್ಳು ಹೇಳಿದ್ದೆ."

ಹಿಂದೆ ಇರುತ್ತೇನೆ ಎಂದಿದ್ದವರ ಕಡೆ ತಿರುಗಿದಳು. ದೇವೀರಪ್ಪ ಆಕಾಶದಲ್ಲಿ ಮೋಡ ಹುಡುಕುತ್ತಿದ್ದ. ಶಕುಂತಲಮ್ಮನಿಗೆ ಸೆರಗು ಸರಿಮಾಡಿಕೊಳ್ಳುವುದೇ ಮುಗಿಯಲಿಲ್ಲ. ಬಸವೇಶ "ಅದೂ..." ಎಂದು ಶುರು ಮಾಡಿ ಕೆಮ್ಮಿನಲ್ಲಿ ಮುಗಿಸಿದ.

"ನಿಂಗೊಬ್ಳಿಗೆ ನಿಲ್ಲಲಿಲ್ಲ ಅಂದ್ರೆ ಮೈಲಿಗೆ ಏನಾರ ಆಗಿರ್ಬೇಕು ಕಣಮ್ಮ" ಅಂದರು ಅಧ್ಯಕ್ಷರು, ಬಹಳ ಮರ್ಯಾದೆಯಿಂದ.

ಆಗ ಟ್ರ್ಯಾಕ್ಟರಿನ ಕಡೆಯಿಂದ ಕೆಂಪರಾಜು ಬಂದ. "ಅವತ್ತು ನಂಗ್ಯಾರೂ ಕೊಡ್ಲಿಲ್ಲ. ನಾನೂ ನೀರು ಕುಡಿಯೋನೇ ಅಲ್ವಾ ಅಧ್ಯಕ್ಷರೇ? ನನ್ ಕೈಲಿ ಏನ್ ಹೇಳ್ತೈತೋ ನೋಡಾಣ."

"ಲೇ, ಪೂಜೆ ಕಾಯಿ ಕಣೋ ಅದು..."

ಅಷ್ಟರಲ್ಲಿ ಕೋಮಲಾ ಕೊಟ್ಟಾಗಿತ್ತು. ಧೈರ್ಯದಿಂದ ಕೊಟ್ಟಳೆಂದು ಆಮೇಲೆ ಕೆಲವರು ಹೇಳಿದರು. ನಿಜವೆಂದರೆ ಆ ಕಾಯಿಯ ಭಾರವನ್ನು ಯಾರಾದರೂ ಹಿಡಿದುಕೊಂಡರೆ ಸಾಕಾಗಿತ್ತು ಅವಳಿಗೆ.

ಕೆಂಪರಾಜು ಅಂಗೈ ಚಾಚಿ ಸುಣ್ಣದ ಗುರುತಿನ ಮೇಲೆ ನಿಂತ. "ಮಲಗೈತೆ. ಎಬ್ಬಿಸ್ಬೇಕಾ ಅಧ್ಯಕ್ಷರೇ? ಹಿಂಗೆ ಬೆರಳು ಮಡಚಿದ್ರೆ ಎದ್ದೇಳ್ತೈತೆ ನೋಡಿ. ಬಿಟ್ರೆ ಮಲಗ್ತೈತೆ. ಪಾಪ, ರಾತ್ರಿ ನಿದ್ದೆ ಇಲ್ಲ ಅಂತ ಕಾಣ್ತದೆ."

ಯಾರೋ ಕಿಸಕ್ಕನೆ ನಕ್ಕರು. ಆ ನಗು ಸಾಕಾಯಿತು.

"ನನ್ ಕೈಲೂ ಮಲಗಿತ್ತು!" ಅಂದ ಬಸವೇಶ. "ನಾನು ಅವತ್ತೇ ಅಂದ್ಕಂಡೆ" ಎಂದ ದೇವೀರಪ್ಪ. ಶಕುಂತಲಮ್ಮ, ಡೈರಿಯವನು, ಕಟಿಂಗ್ ಶಾಪಿನವನು ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಪಂಚಾಕ್ಷರಪ್ಪ ಎರಡೂ ಕೈ ಎತ್ತಿದರು. "ನಂಗೂ ಅನುಮಾನ ಇತ್ತು ಕಣ್ರಪ್ಪ. ಸರಿ, ಶಾಲೆ ಹತ್ರಾನೇ ಕೊರೀಲಿ. ಸರ್ವಾನುಮತ!"

"ಇಲ್ಲ" ಅಂದಿತು ಒಂದು ದನಿ. ಪೂಜೆಗೆಂದು ಕರೆಸಿದ್ದ ಸಿದ್ದಪ್ಪ. "ಸರ್ವಾನುಮತ ಇಲ್ಲ. ನನ್ ಕೈಯಾಗೆ ನಿಂತಿತ್ತು."

ಊರು ಅವನ ಮೇಲೆ ತಿರುಗಿತು. "ಏನಜ್ಜ, ಕೈ ನಡುಗ್ತದಾ?" "ಕಾಯಿಗೆ ಕಾಲು ಬಂದಿದ್ವಾ?" ಮೊನ್ನೆ ಅವನ ಕಾಲು ಮುಟ್ಟಿದವರೇ ಜೋರಾಗಿ ನಕ್ಕರು. ಮುದುಕ ಕಾಯಿಯನ್ನು ಕೆಂಪರಾಜುವಿನ ಕೈಯಿಂದ ತೆಗೆದುಕೊಂಡು ಟವೆಲ್ಲಿನಲ್ಲಿ ಸುತ್ತಿಕೊಂಡ. ಕೋಮಲಾಳ ಬಾಯಿಯೂ ನಗಲು ಅರ್ಧ ತೆರೆದಿತ್ತು. ತೆರೆದ ಬಾಯಿ ತನ್ನದೇ ಎಂದು ತಿಳಿದಾಗ ಅವಳಿಗೆ ಗಾಬರಿಯಾಯಿತು.

"ಯಾಕ್ರೋ ನಗ್ತೀರಾ?" ಕಿರುಚಿದಳು. "ಅವ್ರ ಕೈಲಿ ನಿಂತಿದ್ರೆ ನಿಂತೈತೆ ಅಂತಾರೆ. ಅವತ್ತೂ ಅಂದ್ರು, ಇವತ್ತೂ ಅಂದ್ರು. ನಮ್ ಹಂಗೆ ಬಂದ್ ಬಂದ್ ಬಸ್ಸಿಗೆಲ್ಲ ಕೈ ಅಡ್ಡ ಹಾಕ್ಲಿಲ್ಲ. ಬನ್ನಿ ಸಿದ್ದಪ್ಪಣ್ಣ, ಪಡ್ಡು ತಿನ್ನಿ."

ಹಾರ ತೆಗೆದು ಗ್ಯಾಸ್ ಸಿಲಿಂಡರಿನ ಕೊರಳಿಗೆ ಹಾಕಿದಳು. ಬಸವೇಶ ಬೆಂಚು ಒಳಕ್ಕೆ ಎಳೆದ. ಲಾರಿ ಶಾಲೆಯ ಕಡೆ ಹೋಯಿತು, ಕೊರೆಯುವ ಸದ್ದಿಗೆ ತಗಡು ಝಲ್ಲೆಂದಿತು. ಹೆಂಚಿನ ಕುಳಿಗಳಲ್ಲಿ ಹಿಟ್ಟು ಚುಯ್ಯೆಂದಿತು.

ಸಿದ್ದಪ್ಪ ಒಳಗೆ ಕೂತ. "ಬೇರೆಯವ್ರ ಕೈ ನಂಗೊತ್ತಿಲ್ಲ ಕಣವ್ವ" ಎಂದು ಮೆಲ್ಲಗೆ ಅಂದ. ಅವನ ಪಕ್ಕದಲ್ಲಿ ಇನ್ನೊಬ್ಬರು ಬಂದು ಕೂತರು. ಕೋಮಲಾ ತಿರುಗಿ ನೋಡಿದರೆ ಕೆಂಪರಾಜು.

"ಇವತ್ತು ಗಾಳಿ ಸಾಕಾಯ್ತು ಕಣಕ್ಕ" ಅಂದ. ನಗುತ್ತಿದ್ದ, ಆದರೆ ಕಣ್ಣು ಅವಳ ಕೈಯ ಮೇಲಿತ್ತು.

ಅವಳ ಕೈ ಎಷ್ಟೋ ವರ್ಷದ ರೂಢಿಯಂತೆ ಪೇಪರ್ ಪ್ಲೇಟಿನ ಕಡೆ ಹೋಗಿತ್ತು. ಹೊರಗೆ ಊರು ನಿಂತು ನೋಡುತ್ತಿತ್ತು, ಅವತ್ತು ಅವಳ ಬಾಯಿ ನೋಡಿದ್ದ ಅದೇ ಕಣ್ಣುಗಳಲ್ಲಿ. ಉಳಿದ ಅಂಗಡಿ ನಾಳೆಗೂ ಉಳಿಯಬೇಕಾದರೆ ತಿನ್ನಲು ಇವರೇ ಬರಬೇಕು. ಕೋಮಲಾ ಸ್ಟೀಲ್ ತಟ್ಟೆ ತೆಗೆದಳು. ಒರೆಸಿದಳು. ಪಡ್ಡು ಹಾಕಿ, ಚಟ್ನಿ ಸುರಿದು, ಕೆಂಪರಾಜುವಿನ ಮುಂದಿಟ್ಟಳು.

ಅಧ್ಯಕ್ಷರು ಲಾರಿಯ ಸದ್ದಿನ ಕಡೆ ನಡೆದುಬಿಟ್ಟರು. ಶಕುಂತಲಮ್ಮನಿಗೆ ಎಮ್ಮೆಯ ನೆನಪಾಯಿತು. ದೇವೀರಪ್ಪನ ಮೂಗು ಮಾತ್ರ ಚಟ್ನಿಯ ಘಾಟಿಗೆ ಸಿಕ್ಕಿಕೊಂಡು ಕಾಲನ್ನು ಬಿಡಲಿಲ್ಲ. ಬೆಂಚು ನೋಡಿದ, ಹಿಂದೆ ನೋಡಿದ, ಮತ್ತೆ ಬೆಂಚು ನೋಡಿದ.

"ಕೋಮಲಾ, ನಂಗೊಂದು ಪಾರ್ಸೆಲ್ ಕಟ್ಟವ್ವ."

ಪಾರ್ಸೆಲ್ ಕವರುಗಳ ಕಟ್ಟು ಅವಳ ಮೊಣಕೈ ಪಕ್ಕದಲ್ಲೇ ನೇತಾಡುತ್ತಿತ್ತು.

"ಕವರ್ ಖಾಲಿ ದೇವೀರಣ್ಣ" ಅಂದಳು. "ಒಳಗೆ ಕುಂತು ತಿನ್ನೋದಾದ್ರೆ ಬಿಸಿಬಿಸಿ ಐತೆ."